ಅಮೆರಿಕದ ಅಂತರ್ಯುದ್ಧ ಕಾಲದ ಹಳೇ ಅಂಚೆ ಕವರುಗಳನ್ನು ಸಂಗ್ರಹಿಸಬೇಕು ಅಂತಿದ್ದೇನೆ, ಎಲ್ಲಿಂದ ಶುರು ಮಾಡಲಿ?

ಇಷ್ಟು ದಿನ ಬರೀ ಅಂಚೆ ಚೀಟಿ ಕೂಡಿಡುತ್ತಿದ್ದೆ, ಈಗ ಹರಾಜಿನಲ್ಲಿ ಅಮೆರಿಕದಿಂದ ಬೇರೆಯಾದ ದಕ್ಷಿಣ ರಾಜ್ಯಗಳ ಅಧ್ಯಕ್ಷ ಜೆಫರ್ಸನ್ ಡೇವಿಸ್ ಮುಖದ ಚೀಟಿ ಇರುವ ಕವರು ಕಂಡಿದೆ, ಕೊಳ್ಳಲಾ ಅಂತಲೂ ಕೇಳಿದ್ದೀರಿ. ಮೊದಲು ಅದಕ್ಕೇ ಉತ್ತರ: ಸದ್ಯಕ್ಕೆ ಬೇಡ. ಯಾಕೆ ಅಂತ ನಾನು ಪೆಟ್ಟು ತಿಂದ ಕಥೆಯಿಂದ ಹೇಳುತ್ತೇನೆ.

ಹತ್ತು ಹನ್ನೆರಡು ವರ್ಷದ ಹಿಂದೆ ಒಬ್ಬ ವಿದೇಶಿ ವ್ಯಾಪಾರಿಯಿಂದ ಒಂದು ಕವರು ತರಿಸಿಕೊಂಡೆ. ಕಂದು ಬಣ್ಣಕ್ಕೆ ತಿರುಗಿದ ಕಾಗದ, ದಕ್ಷಿಣದ ನ್ಯಾಶ್‌ವಿಲ್ ಊರಿನ ಗುಂಡನೆ ಠಸ್ಸೆ, ಡೇವಿಸ್ ಇರುವ ಹತ್ತು ಸೆಂಟಿನ ನೀಲಿ ಚೀಟಿ. ಮನೆಯಲ್ಲಿ ಯಾರಿಗೂ ನಿಜವಾದ ಬೆಲೆ ಹೇಳಲಿಲ್ಲ. ಮುಂದೆ ಬೆಂಗಳೂರಿನಲ್ಲಿ ಕರ್ನಾಪೆಕ್ಸ್ ಅಂಚೆ ಚೀಟಿ ಪ್ರದರ್ಶನಕ್ಕೆ ಹೋದಾಗ ಒಬ್ಬ ಹಿರಿಯ ಸಂಗ್ರಾಹಕರಿಗೆ ಹೆಮ್ಮೆಯಿಂದ ತೋರಿಸಿದೆ. ಅವರು ಲೆನ್ಸನ್ನೂ ತೆಗೆಯಲಿಲ್ಲ. "ಈ ಚೀಟಿ ಬಂದದ್ದು ಯಾವಾಗ?" ಅಂದರು. 1863 ಅಂದೆ. "ನ್ಯಾಶ್‌ವಿಲ್ ಉತ್ತರದ ಸೈನ್ಯದ ಕೈಗೆ ಹೋದದ್ದು?" 1862ರ ಫೆಬ್ರವರಿ. ಹೇಳುತ್ತಾ ಹೇಳುತ್ತಾ ನನಗೇ ಗೊತ್ತಾಗಿಹೋಯಿತು. ಶತ್ರುವಿನ ವಶವಾಗಿ ವರ್ಷ ಕಳೆದ ಊರಿನ ಅಂಚೆ ಕಚೇರಿಯಲ್ಲಿ ದಕ್ಷಿಣದ ಹೊಸ ಚೀಟಿಗೆ ಯಾರು ಠಸ್ಸೆ ಹೊಡೆಯುತ್ತಾರೆ?

ಮಜಾ ಏನಂದ್ರೆ ಚೀಟಿ ಅಸಲಿ, ಕವರು ಅಸಲಿ, ಠಸ್ಸೆಯೂ ಅಸಲಿ. ಮೂರರ ಮದುವೆ ಮಾತ್ರ ನಕಲಿ. ಯುದ್ಧ ಮುಗಿದಾಗ ದಕ್ಷಿಣದ ಚೀಟಿಗಳು ಬಳಸದೆಯೇ ರಾಶಿ ರಾಶಿ ಉಳಿದವು, ಹಾಗಾಗಿ ಬಿಡಿ ಚೀಟಿ ಅಗ್ಗ. ಚೀಟಿ ಇಲ್ಲದ ಹಳೇ ಕವರಿಗೆ ಅದನ್ನು ಅಂಟಿಸಿ, ಠಸ್ಸೆಯ ಗೆರೆಯನ್ನು ಶಾಯಿಯಲ್ಲಿ ಚೀಟಿಯ ಮೇಲೂ ಎಳೆದುಬಿಟ್ಟರೆ ಹತ್ತಾರು ಪಟ್ಟು ಬೆಲೆ.

ಅವತ್ತಿನಿಂದ ನಾನು ಚೀಟಿಯನ್ನು ಕೊನೆಗೆ ನೋಡುತ್ತೇನೆ. ಮೊದಲು ಕೇಳಿಕೊಳ್ಳುವುದು, ಈ ಪತ್ರ ಯಾವ ದಾರಿಯಲ್ಲಿ ಹೋಗಿರಬಹುದು, ಆ ದಿನ ಆ ದಾರಿ ತೆರೆದಿತ್ತಾ ಅಂತ.

ಅದಕ್ಕೆ 1861ರ ಬೇಸಿಗೆಯನ್ನು ಸ್ವಲ್ಪ ಓದಿಕೊಳ್ಳಿ. ಏಪ್ರಿಲ್ 12ಕ್ಕೆ ಫೋರ್ಟ್ ಸಮ್ಟರ್ ಕೋಟೆಯ ಮೇಲೆ ಗುಂಡು ಹಾರಿ ಯುದ್ಧ ಶುರುವಾಯಿತು. ಆದರೂ ಮೇ 31ರವರೆಗೆ ದಕ್ಷಿಣದ ಅಂಚೆ ಕಚೇರಿಗಳು ವಾಷಿಂಗ್ಟನ್ನಿನ ಲೆಕ್ಕದಲ್ಲೇ, ಅಮೆರಿಕದ ಚೀಟಿ ಹಚ್ಚಿಯೇ ಕೆಲಸ ಮಾಡಿದವು. ಒಂದು ಕಡೆ ಯುದ್ಧ, ಇನ್ನೊಂದು ಕಡೆ ಶತ್ರು ಇಲಾಖೆಗೇ ಲೆಕ್ಕ ಒಪ್ಪಿಸೋದು! ಜೂನ್ 1ರಿಂದ ದಕ್ಷಿಣದ ಪೋಸ್ಟ್‌ಮಾಸ್ಟರ್ ಜನರಲ್ ಜಾನ್ ರೀಗನ್ ತಮ್ಮದೇ ಇಲಾಖೆ ನಡೆಸಿದರು. ಇಲಾಖೆ ಇತ್ತು, ಚೀಟಿ ಇರಲಿಲ್ಲ. ಮೊದಲ ಚೀಟಿ, ಡೇವಿಸ್ ಮುಖದ ಐದು ಸೆಂಟಿನ ಹಸಿರು, ಬಂದದ್ದು ಅಕ್ಟೋಬರ್ 16ಕ್ಕೆ. ಅಲ್ಲಿಯವರೆಗೆ ಪೋಸ್ಟ್‌ಮಾಸ್ಟರುಗಳು ದುಡ್ಡು ಇಸಿದುಕೊಂಡು 'ಪೇಯ್ಡ್ 5', ಅಂದರೆ ಐದು ಸೆಂಟು ಸಂದಿದೆ, ಅಂತ ಠಸ್ಸೆ ಹೊಡೆದು ಕಳಿಸುತ್ತಿದ್ದರು. ನ್ಯೂ ಆರ್ಲಿಯನ್ಸ್, ಮೆಂಫಿಸ್, ಮೊಬೀಲ್‌ನಂಥ ಕಡೆ ತಮ್ಮದೇ ಚೀಟಿ ಅಚ್ಚು ಹಾಕಿಸಿಕೊಂಡರು. ಆ ಚೀಟಿಗಳು ನಮ್ಮಂಥವರ ಕೈಗೆಟುಕುವುದಿಲ್ಲ, ಬಿಡಿ. ಆದರೆ ಬರೀ 'ಪೇಯ್ಡ್' ಠಸ್ಸೆಯ ಕವರು ಈಗಲೂ ಸಾಧಾರಣ ಬೆಲೆಗೆ ಸಿಗುತ್ತದೆ. ನೋಡಲು ಬಡಕಲು. ನನ್ನ ಕೇಳಿದರೆ ನೀವು ಶುರು ಮಾಡಬೇಕಾದ್ದು ಅಲ್ಲಿಂದಲೇ.

ಅದೇ ಬೇಸಿಗೆಯಲ್ಲಿ ದಕ್ಷಿಣದಿಂದ ಬಂದ ಪತ್ರಗಳು ಉತ್ತರದ ಅಂಚೆಯ ವಶದಲ್ಲಿದ್ದ ಕೆಂಟಕಿಯ ಲೂಯಿವಿಲ್‌ನಲ್ಲಿ ಸಿಕ್ಕಿಹಾಕಿಕೊಂಡವು. ಮೇಲಿನ ಚೀಟಿ ಅಮೆರಿಕದ್ದೇ. ಆದರೆ ದಂಗೆ ಎದ್ದವರು ಹಚ್ಚಿದ ಚೀಟಿಗೆ ಬೆಲೆ ಇಲ್ಲ ಅಂತ, 'ಸದರ್ನ್ ಲೆಟರ್ ಅನ್‌ಪೇಯ್ಡ್' (ದಕ್ಷಿಣದ ಪತ್ರ, ಹಣ ಸಂದಿಲ್ಲ) ಅನ್ನುವ ಠಸ್ಸೆ ಹೊಡೆದು ಮೂರು ಸೆಂಟು ವಸೂಲಿಗೆ ಕಳಿಸಿದರು. ನಮ್ಮ ಬೇರಿಂಗ್ ಪತ್ರದ ಹಾಗೆ, ಅಲ್ವಾ? ಚೀಟಿ ಹಚ್ಚಿಯೂ ಬೇರಿಂಗ್! ಕೆಲವು ವಾರ ಆಡಮ್ಸ್‌ನಂಥ ಖಾಸಗಿ ಎಕ್ಸ್‌ಪ್ರೆಸ್ ಕಂಪನಿಗಳು ನ್ಯಾಶ್‌ವಿಲ್‌ಗೂ ಲೂಯಿವಿಲ್‌ಗೂ ನಡುವೆ ಪತ್ರ ಸಾಗಿಸಿದವು. ಆಗಸ್ಟ್ ಕೊನೆಗೆ ಅದೂ ಬಂದ್. ಅದೇ ತಿಂಗಳು ಉತ್ತರದವರು ತಮ್ಮ ಹಳೇ ಚೀಟಿಗಳನ್ನೇ ರದ್ದು ಮಾಡಿ ಹೊಸದು ತಂದರು. ದಕ್ಷಿಣದ ಕಚೇರಿಗಳಲ್ಲಿ ಉಳಿದಿದ್ದ ದಾಸ್ತಾನನ್ನು ಉತ್ತರದಲ್ಲಿ ಮಾರಿ ಯಾರೂ ಕಾಸು ಮಾಡಿಕೊಳ್ಳಬಾರದು ಅಂತ. ಒಂಥರಾ ನೋಟು ರದ್ದತಿ.

ಈಗ ನನ್ನ ಹತ್ತಿರ ಇರುವುದರಲ್ಲಿ ನನಗೆ ಇಷ್ಟವಾದ ಒಂದು ಕವರಿನ ವಿಷಯ. ಹೊರಗೆ ಹತ್ತು ಸೆಂಟಿನ ನೀಲಿ ಚೀಟಿ, ವರ್ಜೀನಿಯಾದ ಒಂದು ಊರಿನ ವಿಳಾಸ, ಶಾಯಿ ತುಕ್ಕಿನ ಬಣ್ಣ. ಒಂದು ಪಕ್ಕದ ಅಂಟು ಬಿಟ್ಟಿದೆ. ಅಲ್ಲಿ ಟಾರ್ಚ್ ಹಿಡಿದು ಇಣುಕಿದರೆ ಒಳಗೆ ಇನ್ನೊಂದು ವಿಳಾಸ, ಇನ್ನೊಂದು ಕೈಬರಹ, 'ಪೇಯ್ಡ್ 5' ಠಸ್ಸೆ. ಬಂದ ಕವರನ್ನೇ ಬಿಚ್ಚಿ, ಒಳಮೈ ಹೊರಗೆ ಮಾಡಿ ಮತ್ತೆ ಅಂಟಿಸಿ ಬೇರೆ ಯಾರಿಗೋ ಕಳಿಸಿದ್ದಾರೆ. ಉತ್ತರದ ನೌಕಾಪಡೆ ದಕ್ಷಿಣದ ಬಂದರುಗಳಿಗೆ ಹಾಕಿದ್ದ ದಿಗ್ಬಂಧನದಿಂದ ಅಲ್ಲಿ ಕಾಗದಕ್ಕೆ ಅಷ್ಟು ಬರ. ಗೋಡೆಗೆ ಹಚ್ಚುವ ಹೂವಿನ ಕಾಗದವನ್ನು ಕತ್ತರಿಸಿ ಕವರು ಮಾಡಿದ್ದೂ ಉಂಟು. ನಮ್ಮಜ್ಜ ಕೂಡ ಬಂದ ಕವರನ್ನು ಬಿಡಿಸಿ ಒಳಗಿನ ಬಿಳಿ ಭಾಗದಲ್ಲಿ ಹಾಲಿನ ಲೆಕ್ಕ ಬರೆಯುತ್ತಿದ್ದರು. ಅದಕ್ಕೋ ಏನೋ ನನಗೆ ಈ ಕವರಿನ ಮೇಲೆ ಪ್ರೀತಿ ಜಾಸ್ತಿ. ಪೂರ್ತಿ ಬಿಡಿಸಿ ನೋಡುವ ಆಸೆ ಪ್ರತಿ ಸಲ ಆಗುತ್ತದೆ. ಬಿಡಿಸಿಲ್ಲ.

ಐದು ಸೆಂಟು, ಹತ್ತು ಸೆಂಟು ಅನ್ನುವುದೂ ಸುಮ್ನೆ ಅಲ್ಲ. ದಕ್ಷಿಣದಲ್ಲಿ ಮೊದಲು 500 ಮೈಲಿಯೊಳಗೆ ಐದು, ಅದಕ್ಕಿಂತ ದೂರಕ್ಕೆ ಹತ್ತು. 1862ರ ಜುಲೈ 1ರಿಂದ ಎಲ್ಲಕ್ಕೂ ಹತ್ತು. ಎಷ್ಟೋ ಠಸ್ಸೆಗಳಲ್ಲಿ ಇಸವಿಯೇ ಇರುವುದಿಲ್ಲ. ಆದರೆ ಒಳಗಿನ ಪತ್ರದಲ್ಲಿ 1863 ಅಂತಿದ್ದು ಹೊರಗೆ ಒಂದೇ ಐದು ಸೆಂಟಿನ ಚೀಟಿ ಇದ್ದರೆ, ಆ ಕವರನ್ನು ಇಟ್ಟಲ್ಲೇ ಇಟ್ಟು ಎದ್ದುಬನ್ನಿ. ಹತ್ತು ಸೆಂಟು ವಸೂಲಿಯ ಠಸ್ಸೆಯಿದ್ದು ಮೂಲೆಯಲ್ಲಿ ಹೆಸರು, ಹುದ್ದೆ, ರೆಜಿಮೆಂಟು ಬರೆದಿದ್ದರೆ ಗಾಬರಿ ಬೇಡ. ಅದು ಸೈನಿಕನ ಪತ್ರ, ಹಣ ಕೊಡಬೇಕಾದವರು ಮನೆಯವರು.

ಯುದ್ಧ ಕೈದಿಗಳ ಪತ್ರಗಳದ್ದು ಬೇರೆಯೇ ದಾರಿ. ಬಿಳಿ ಬಾವುಟ ಹಿಡಿದ ದೋಣಿಯಲ್ಲಿ, ಹೆಚ್ಚಾಗಿ ವರ್ಜೀನಿಯಾದ ಫೋರ್ಟ್ರೆಸ್ ಮನ್ರೋ ಮೂಲಕ, ಎರಡೂ ಕಡೆಯವರು ಚೀಲ ಬದಲಾಯಿಸಿಕೊಳ್ಳುತ್ತಿದ್ದರು. ಒಂದೇ ಹಾಳೆ, ಅಂಟಿಸದ ಕವರು, ಓದಿ ನೋಡಿದ ಅಧಿಕಾರಿಯ ಠಸ್ಸೆ ಅಥವಾ ಸಹಿ. ಉತ್ತರದ ಮೂರು ಸೆಂಟು, ದಕ್ಷಿಣದ ಹತ್ತು ಸೆಂಟು, ಎರಡು ಶತ್ರು ಸರ್ಕಾರಗಳ ಚೀಟಿಗಳು ಒಂದೇ ಕವರಿನ ಮೇಲೆ ಪಕ್ಕಪಕ್ಕದಲ್ಲಿ ಕೂತಿರುತ್ತವೆ. ಅಂಥದ್ದು ನನ್ನ ಹತ್ತಿರ ಇಲ್ಲ. ಕೈಯಲ್ಲಿ ಹಿಡಿದು ನೋಡಿದ್ದೇನೆ, ಅಷ್ಟೇ. ನಸ್ಸೌ, ಬರ್ಮುಡಾದಿಂದ ದಿಗ್ಬಂಧನ ತಪ್ಪಿಸಿ ದಕ್ಷಿಣದ ಬಂದರು ವಿಲ್ಮಿಂಗ್ಟನ್‌ಗೆ ಬಂದ ಹಡಗಿನ ಪತ್ರ, ಮಿಸಿಸಿಪ್ಪಿ ನದಿ ದಾಟಿಸಲು 40 ಸೆಂಟು ಕೊಟ್ಟ ಪತ್ರ, ಇವೆಲ್ಲ ಆಮೇಲೆ ನೋಡಿದರಾಯಿತು. ನಕಲಿಯೂ ಅಲ್ಲೇ ಜಾಸ್ತಿ.

ಬಾವುಟ, ಫಿರಂಗಿ ಅಚ್ಚಾದ ಬಣ್ಣದ ಕವರುಗಳು ನಿಮ್ಮ ಕಣ್ಣು ಸೆಳೆಯುತ್ತವೆ. ನಾನು ಕೊಳ್ಳುವುದಿಲ್ಲ. ಎಷ್ಟೋ ಕವರು ಅಂಚೆಗೇ ಹೋದದ್ದಲ್ಲ, ಅವತ್ತೇ ಆಲ್ಬಮ್ಮಿಗೆ ಅಂತ ಮಾರಿದ್ದು. ಅಲ್ಲದೆ ದಕ್ಷಿಣದವರು ಕಾದಾಡಿದ್ದು ಜನರನ್ನು ಗುಲಾಮರಾಗಿ ಇಟ್ಟುಕೊಳ್ಳುವುದಕ್ಕೆ. ಅವರ ಬಾವುಟ ನನ್ನ ಆಲ್ಬಮ್ಮಿನಲ್ಲಿ ಬೇಡ.

ಹುಬ್ಬಳ್ಳಿಯವನಿಗೆ ಅಮೆರಿಕದ ಹುಚ್ಚು ಯಾಕೆ ಅಂತ ಎಲ್ಲರೂ ಕೇಳುತ್ತಾರೆ. ಅದೇ ದಿಗ್ಬಂಧನದಿಂದ ಇಂಗ್ಲೆಂಡಿಗೆ ಅಮೆರಿಕದ ಹತ್ತಿ ನಿಂತಾಗ ನಮ್ಮ ಧಾರವಾಡದ ಹತ್ತಿಗೆ ಬಂಗಾರದ ಬೆಲೆ ಬಂತು. ಕಾರವಾರದ ಬಂದರನ್ನು ಬೆಳೆಸಲು ಓಡಾಡಿದ್ದೂ ಆಗಲೇ. 1865ರಲ್ಲಿ ಯುದ್ಧ ನಿಂತಿತು, ಬೆಲೆಯೂ ಬಿತ್ತು. ನಮ್ಮಲ್ಲಿ 'ಧಾರವಾಡ ಅಮೆರಿಕನ್' ಅನ್ನುತ್ತಿದ್ದ ಹತ್ತಿಯ ಬೀಜ ಮೊದಲು ಬಂದದ್ದು ನ್ಯೂ ಆರ್ಲಿಯನ್ಸ್ ತಳಿಯಿಂದ. ಇನ್ನೊಂದು: ದಕ್ಷಿಣದವರಿಗೆ 1862ರಲ್ಲಿ ಐದು ಸೆಂಟಿನ ನೀಲಿ ಚೀಟಿ ಅಚ್ಚು ಹಾಕಿಕೊಟ್ಟ ಲಂಡನ್ನಿನ ಡಿ ಲಾ ರೂ ಕಂಪನಿಯೇ ಆಗ ನಮ್ಮ ವಿಕ್ಟೋರಿಯಾ ರಾಣಿಯ ಚೀಟಿಗಳನ್ನೂ ಅಚ್ಚು ಹಾಕುತ್ತಿತ್ತು.

ದೊಡ್ಡ ಮೊತ್ತದ ಕವರಾದರೆ ನ್ಯೂಯಾರ್ಕಿನ ಫಿಲಾಟೆಲಿಕ್ ಫೌಂಡೇಶನ್ನಿನಂಥ ಕಡೆಯ ಪ್ರಮಾಣಪತ್ರ ಇಲ್ಲದೆ ಮುಟ್ಟಬೇಡಿ. ಮನೆಗೆ ತಂದ ಮೇಲೆ ಲ್ಯಾಮಿನೇಷನ್, ಸೆಲ್ಲೋಟೇಪು ಎರಡೂ ಬೇಡ. ಮಳೆಗಾಲದಲ್ಲಿ ಕಬ್ಬಿಣದ ಬೀರುವಿನ ತಳದಲ್ಲಿ ಇಡಬೇಡಿ, ನನ್ನ ಎರಡು ಕವರು ಹಾಗೇ ಬೂಷ್ಟು ಹಿಡಿದವು.

ನೀವು ನೋಡಿದ ಹರಾಜಿನ ಕವರಿನಲ್ಲಿ ಊರು ಯಾವುದು, ತಿಂಗಳು ಯಾವುದು, ಚೀಟಿ ಎಷ್ಟು ಸೆಂಟಿನದು ಅಂತ ಇಲ್ಲೇ ಬರೆಯಿರಿ. ಫೋಟೋ ಬೇಡ, ಅದರಲ್ಲಿ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ.