ಡಿಕೋಡರ್ ಹಾಕುವ ಮೊದಲು ಮೀಟರ್ ಹಿಡಿಯಿರಿ

ಪ್ರಶ್ನೆ: ಸರ್, ಹಳೆಯ ಎಚ್‌ಒ (ನಿಜವಾದ ರೈಲಿನ 87ನೇ ಒಂದು ಭಾಗದ ಅಳತೆಯ ಮಾಡೆಲ್) ಡೀಸೆಲ್ ಎಂಜಿನ್ ಒಂದು ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಕ್ಕಿದೆ. ತಡವರಿಸಿ ಓಡುತ್ತದೆ, ಲೈಟ್ ಮಿಣಮಿಣ ಅನ್ನುತ್ತದೆ. ಡಿಸಿಸಿ ಡಿಕೋಡರ್ (ಹಳಿಯಲ್ಲಿ ಬರುವ ಡಿಜಿಟಲ್ ಆದೇಶ ಓದಿ ಮೋಟರ್, ಲೈಟ್ ನಡೆಸುವ ಸಣ್ಣ ಸರ್ಕಿಟ್) ಹಾಕಿದರೆ ಸರಿಹೋಗುತ್ತದಾ? ನನಗೆ ಸೋಲ್ಡರಿಂಗ್ ಬರುತ್ತದೆ.
– ಗೋಕುಲ ರಸ್ತೆ, ಹುಬ್ಬಳ್ಳಿ

ಸರಿಹೋಗುವುದಿಲ್ಲ, ಇನ್ನೂ ಜಾಸ್ತಿಯಾಗುತ್ತದೆ. ಸಾದಾ ಡಿಸಿಯಲ್ಲಿ ಒಂದು ಕ್ಷಣ ಕರೆಂಟ್ ತಪ್ಪಿದರೂ ಎಂಜಿನ್ ಬಂದ ವೇಗದಲ್ಲೇ ಆ ಜಾಗ ದಾಟಿಬಿಡುತ್ತದೆ. ಡಿಕೋಡರ್ ಹಾಗಲ್ಲ, ಅದು ಪೂರ್ತಿ ಆಫ್ ಆಗಿ ಮತ್ತೆ ಮೊದಲಿಂದ ಶುರುವಾಗಬೇಕು. ಹಾಗಾಗಿ ಮೊದಲು ಅದನ್ನು 12 ವೋಲ್ಟ್ ಡಿಸಿಯಲ್ಲೇ ನಿಧಾನಕ್ಕೆ, ಆಮೆಯ ಹಾಗೆ ಓಡುವಂತೆ ಮಾಡಿ.

ನಮ್ಮ ಹುಬ್ಬಳ್ಳಿ ಧೂಳು ಗೊತ್ತಲ್ವಾ, ಕಿಟಕಿ ಮುಚ್ಚಿದ್ದರೂ ಎರಡು ದಿನಕ್ಕೆ ಹಳಿ ಮೇಲೆ ಕೂತಿರುತ್ತದೆ. ಬಟ್ಟೆಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿ ಹಳಿ ಒರೆಸಿ. ಆಮೇಲೆ ಅದೇ ಬಟ್ಟೆಯನ್ನು ಹಳಿಗೆ ಅಡ್ಡ ಹಾಸಿ, ಒಂದು ಬೋಗಿಯ (ಎಂಜಿನ್ನಿನ ಕೆಳಗಿನ ಗಾಲಿಗಳ ಚೌಕಟ್ಟು) ಗಾಲಿಗಳು ಬಟ್ಟೆ ಮೇಲೆ, ಇನ್ನೊಂದರವು ಬರೀ ಹಳಿ ಮೇಲೆ ಇರುವಂತೆ ಎಂಜಿನ್ ಹಿಡಿದು ಕರೆಂಟ್ ಕೊಡಿ. ಬಟ್ಟೆಯಲ್ಲಿ ಕಪ್ಪು ಗೆರೆ ಬೀಳುತ್ತದೆ, ಅದೇ ನಿಮ್ಮ ತಡವರಿಕೆ. ಎಮರಿ ಪೇಪರ್ ಬೇಡ, ಗೀರು ಬಿದ್ದಲ್ಲಿ ಕೊಳೆ ಇನ್ನೂ ಬೇಗ ಕೂರುತ್ತದೆ. ಗೇರಿಗೆ ಪ್ಲಾಸ್ಟಿಕ್‌ಗೆ ಒಗ್ಗುವ ತೆಳು ಎಣ್ಣೆಯನ್ನು ಸೂಜಿ ತುದಿಯಲ್ಲಿ ಒಂದೇ ಹನಿ ಬಿಡಿ. ಮನೆಯ ಕೊಬ್ಬರಿ ಎಣ್ಣೆ ಮಾತ್ರ ಬೇಡ, ಚಳಿಗಾಲದ ಬೆಳಿಗ್ಗೆ ಅದು ಗಟ್ಟಿಯಾಗಿರುತ್ತದೆ.

ಇಷ್ಟಾದ ಮೇಲೆ ಡಿಕೋಡರ್ ಮಾತು. ಇಲ್ಲಿ ದಯವಿಟ್ಟು ಅವಸರ ಮಾಡಬೇಡಿ. ಹಳೆಯ ಎಷ್ಟೋ ಎಂಜಿನ್‌ಗಳಲ್ಲಿ ಒಂದು ಹಳಿಯ ಕರೆಂಟ್ ಲೋಹದ ಚಾಸಿಯ ಮೂಲಕವೇ ಮೋಟರಿಗೆ ಹೋಗುತ್ತದೆ, ಬ್ರಶ್ಶಿನ (ಮೋಟರಿಗೆ ಕರೆಂಟ್ ಮುಟ್ಟಿಸುವ ಕಾರ್ಬನ್ ತುಂಡು) ಕ್ಲಿಪ್ ಚಾಸಿಗೆ ತಾಗಿಕೊಂಡೇ ಇರುತ್ತದೆ. ಅದನ್ನು ಬಿಡಿಸದೆ ಡಿಕೋಡರ್ ಜೋಡಿಸಿದರೆ ಹಳಿಯ ಕರೆಂಟ್ ನೇರವಾಗಿ ಡಿಕೋಡರಿನ ಮೋಟರ್ ಕಡೆಯ ತಂತಿಗೆ ನುಗ್ಗುತ್ತದೆ. ನನ್ನ ಮೊದಲ ಡಿಕೋಡರ್ ಹೀಗೇ ಹೋಯಿತು, ಕ್ಲಿಪ್ಪಿನ ಒಂದು ಮೂಲೆ ತಾಗಿತ್ತು ಅಷ್ಟೇ. ತಿಂಗಳುಗಟ್ಟಲೆ ದುಡ್ಡು ಕೂಡಿಟ್ಟು ತರಿಸಿದ್ದು, ಆ ಸುಟ್ಟ ವಾಸನೆ ಇನ್ನೂ ನೆನಪಿದೆ. ಅದಕ್ಕೇ ಹೇಳುತ್ತೇನೆ, ಮಲ್ಟಿಮೀಟರನ್ನು ಬೀಪ್‌ಗೆ ಇಟ್ಟು ಮೋಟರಿನ ಎರಡೂ ಬ್ರಶ್‌ಗಳಿಂದ ಚಾಸಿಗೆ, ಪ್ರತಿ ಗಾಲಿಗೆ ಮುಟ್ಟಿಸಿ ನೋಡಿ. ಒಂದು ಕಡೆ ಬೀಪ್ ಬಂದರೂ ಕೆಲಸ ಮುಗಿದಿಲ್ಲ, ಕ್ಲಿಪ್ ಬಿಡಿಸಿ ಕ್ಯಾಪ್ಟಾನ್ ಟೇಪ್ (ಬಿಸಿ ತಡೆಯುವ, ಕರೆಂಟ್ ಹರಿಯದ ಟೇಪ್) ಹಾಕಿ.

ಇನ್ನೊಂದು, ಮೋಟರ್ ಎಷ್ಟು ಕರೆಂಟ್ ಎಳೆಯುತ್ತದೆ ಅಂತ ಅಳೆಯಿರಿ. ಮೀಟರನ್ನು 10 ಆಂಪ್ ರೇಂಜಿಗೆ ಹಾಕಿ, 12 ವೋಲ್ಟ್ ಕೊಟ್ಟು, ಮೋಟರ್ ತಿರುಗದಂತೆ ಒಂದೆರಡು ಸೆಕೆಂಡ್ ಮಾತ್ರ ಒತ್ತಿ ಹಿಡಿಯಿರಿ. ಎಚ್‌ಒ ಡಿಕೋಡರ್‌ಗಳು ಸಾಮಾನ್ಯವಾಗಿ 1 ಆಂಪ್ ಆಸುಪಾಸಿನವು. ಅದಕ್ಕಿಂತ ಜಾಸ್ತಿ ತೋರಿಸಿದರೆ ದೊಡ್ಡ ಡಿಕೋಡರ್ ತನ್ನಿ, ಇಲ್ಲವೇ ಮೋಟರ್ ಬದಲಿಸಿ.

ತಂತಿ ಬಣ್ಣ ಸುಲಭ. ಕೆಂಪು ಬಲ ಹಳಿ, ಕಪ್ಪು ಎಡ ಹಳಿ, ಕಿತ್ತಳೆ ಮತ್ತು ಬೂದು ಮೋಟರಿಗೆ. ಬಿಳಿ ಮುಂದಿನ ಲೈಟ್, ಹಳದಿ ಹಿಂದಿನದು, ನೀಲಿ ಎರಡಕ್ಕೂ ಸೇರಿದ ಪ್ಲಸ್. ಎಲ್‌ಇಡಿ ಹಾಕುತ್ತಿದ್ದರೆ 1 ಕಿಲೋ ಓಮ್ ರೆಸಿಸ್ಟರ್ ಮರೆಯಬೇಡಿ. ಮೊದಲ ಸಲ ಪ್ರೋಗ್ರಾಮಿಂಗ್ ಟ್ರ್ಯಾಕ್ (ಡಿಕೋಡರ್ ಸೆಟ್ಟಿಂಗ್‌ಗೆ ಬಳಸುವ ಪ್ರತ್ಯೇಕ ಹಳಿ) ಮೇಲೇ ಇಡಿ, ಅಲ್ಲಿ ಕರೆಂಟ್ ಕಡಿಮೆ, ತಪ್ಪಿದ್ದರೂ ಡಿಕೋಡರ್ ಉಳಿಯುವ ಸಾಧ್ಯತೆ ಜಾಸ್ತಿ. ಹೊಸ ಡಿಕೋಡರಿನ ವಿಳಾಸ, ಅಂದರೆ ಅದನ್ನು ಗುರುತಿಸುವ ನಂಬರ್, 3 ಇರುತ್ತದೆ. ಅದನ್ನು ಓದಿ ತೋರಿಸಿದರೆ ಖುಷಿಯಿಂದ ಮುಂದುವರಿಯಿರಿ.

ಪ್ರಶ್ನೆ: ಹುಬ್ಬಳ್ಳಿ ಶೆಡ್‌ನ ಡಬ್ಲ್ಯುಡಿಜಿ-4 (ಗೂಡ್ಸ್ ಎಳೆಯುವ ಡೀಸೆಲ್ ಎಂಜಿನ್) ಮಾಡೆಲ್ ಮಾಡಬೇಕೆಂಬ ಆಸೆ. ಅಮೆರಿಕದ ಎಂಜಿನ್ ತಂದು ಬಣ್ಣ ಬದಲಿಸಿದರೆ ಸಾಕಾ?
– ಸಪ್ತಾಪುರ, ಧಾರವಾಡ

ಬಣ್ಣವೊಂದೇ ಸಾಕಾಗದು, ಆದರೆ ಆಸೆ ಬಿಡಬೇಡಿ. ನಮ್ಮ 4000 ಅಶ್ವಶಕ್ತಿಯ ಡಬ್ಲ್ಯುಡಿಜಿ-4 ಕೂಡ ಅಮೆರಿಕದ ಇಎಂಡಿ ಎಂಬ ಎಂಜಿನ್ ಕಂಪನಿಯ ವಿನ್ಯಾಸವೇ. ಆರು ಆಕ್ಸಲ್, ಮೂರು ಮೂರರ ಎರಡು ಬೋಗಿ. ಹಾಗಾಗಿ ಇಎಂಡಿಯ ಆರು ಆಕ್ಸಲ್ ಎಂಜಿನ್ನಿನ ಚಾಸಿ ಹಿಡಿದರೆ ಅರ್ಧ ದಾರಿ ಬಂದಂತೆ. ಮೇಲಿನ ಬಾಡಿಯನ್ನು ಮಾತ್ರ ಪ್ಲಾಸ್ಟಿಕ್ ಶೀಟಿನಲ್ಲಿ ಕಟ್ಟಬೇಕು ಅಥವಾ 3ಡಿ ಪ್ರಿಂಟ್ ಮಾಡಿಸಬೇಕು. ಅಮೆರಿಕದವಕ್ಕೆ ಪಕ್ಕದ ಬಫರ್ (ಡಿಕ್ಕಿಯ ಧಕ್ಕೆ ತಡೆಯುವ ದುಂಡು ತಟ್ಟೆ) ಇರುವುದಿಲ್ಲ, ಅವನ್ನೂ ಕೂರಿಸಬೇಕು.

ಒಂದು ಕೊರತೆ ಉಳಿಯುತ್ತದೆ. ನಮ್ಮ ಬ್ರಾಡ್‌ಗೇಜ್ 1676 ಮಿಲಿಮೀಟರ್. 87ರಿಂದ ಭಾಗಿಸಿದರೆ ಸುಮಾರು 19.3 ಬರಬೇಕು, ಎಚ್‌ಒ ಹಳಿ ಇರುವುದು 16.5. ಎದುರಿಂದ ನೋಡಿದರೆ ಎಂಜಿನ್ ಇಕ್ಕಟ್ಟಿನ ಹಳಿ ಮೇಲೆ ನಿಂತಂತೆ ಕಾಣುತ್ತದೆ. ನನಗದು ಅಭ್ಯಾಸವಾಗಿದೆ, ಪಕ್ಕದಿಂದ ಗೊತ್ತಾಗುವುದಿಲ್ಲ. ಹುಬ್ಬಳ್ಳಿ ನಿಲ್ದಾಣವನ್ನೂ ಮಾಡುತ್ತೇನೆ ಅಂದರೆ ಒಂದು ಲೆಕ್ಕ ನೆನಪಿರಲಿ. ಆ 1507 ಮೀಟರ್ ಪ್ಲಾಟ್‌ಫಾರ್ಮ್ ಎಚ್‌ಒದಲ್ಲೂ 17 ಮೀಟರ್ ದಾಟುತ್ತದೆ!

ಪ್ರಶ್ನೆ: ನಮ್ಮ ಆರು ಆಕ್ಸಲ್ ಎಂಜಿನ್ ತಿರುವಿನಲ್ಲಿ ಮಾತ್ರ ಹಳಿ ತಪ್ಪುತ್ತದೆ, ನೇರ ದಾರಿಯಲ್ಲಿ ಚೆನ್ನಾಗಿದೆ.
– ಗದಗ

ಸೆಟ್ ಜೊತೆ ಬಂದ 18 ಇಂಚು ತ್ರಿಜ್ಯದ ತಿರುವು ಇರಬೇಕು. ಅದು ನಾಲ್ಕು ಆಕ್ಸಲ್‌ಗೆ ಸರಿ, ಉದ್ದದ ಬೋಗಿಗೆ ಬಿಗಿ. 22 ಇಂಚು ಅಥವಾ ಅದಕ್ಕಿಂತ ದೊಡ್ಡದು ಹಾಕಿ. ಹಲಗೆ ನಾಲ್ಕು ಅಡಿ ಅಗಲ ಬೇಕಾಗುತ್ತದೆ, ಮನೆಯವರನ್ನು ಈಗಲೇ ಕೇಳಿಕೊಳ್ಳಿ.