ಮೂರು ಬಾಟ್ಲಿ, ಒಂದೇ ಹೆಸರು

ಪ್ರಶ್ನೆ: ಡಾಕ್ಟರ್ರೇ, ಮಗಳಿಗೆ ಮೂರು ವರ್ಷ, ತೂಕ 12 ಕೆ.ಜಿ. ಮನ್ಯಾಗ ಪ್ಯಾರಾಸಿಟಮಾಲ್‌ದು ಮೂರು ಥರದ ಬಾಟ್ಲಿ ಅದಾವ. ಜ್ವರ ಬಂದ್ರ ಯಾವುದು ಎಷ್ಟು ಹಾಕಬೇಕು? ದವಾಖಾನ್ಯಾಗ ಗದ್ದಲ ಇರ್ತೈತಿ, ಮತ್ತ ಮತ್ತ ಕೇಳಾಕ ಸಂಕೋಚ ಆಗ್ತೈತ್ರಿ.
— ಒಬ್ಬ ತಾಯಿ, ಬೆಟಗೇರಿ

ಉತ್ತರ: ತಂಗಿ, ಹೆಸರು ಒಂದೇ ಆದರೂ ಒಂದೊಂದು ಬಾಟ್ಲಿಯಲ್ಲಿ ಔಷಧದ ಪ್ರಮಾಣ ಬೇರೆ ಬೇರೆ. ಬಾಟ್ಲಿಯ ಮೇಲಿನ ಅಂಕಿ ನೋಡಿ. ಹನಿ ಔಷಧದಲ್ಲಿ ಸಾಮಾನ್ಯವಾಗಿ 1 ಎಂ.ಎಲ್.ಗೇ 100 ಮಿ.ಗ್ರಾಂ. ಇರುತ್ತದೆ, ಸಿರಪ್‌ನಲ್ಲಿ 5 ಎಂ.ಎಲ್.ಗೆ 125 ಅಥವಾ 250. ನಿಮ್ಮ ಮಗಳಿಗೆ ಒಂದು ಸಲಕ್ಕೆ ಕೆ.ಜಿ.ಗೆ 10ರಿಂದ 15ರ ಲೆಕ್ಕದಲ್ಲಿ 120ರಿಂದ 180 ಮಿ.ಗ್ರಾಂ. ಬೇಕು. ಅಂದರೆ 125ರ ಸಿರಪ್ ಆದರೆ 5 ಎಂ.ಎಲ್., 250ರದ್ದಾದರೆ ಎರಡೂವರೆ. ಹನಿ ಔಷಧವನ್ನೇ 5 ಎಂ.ಎಲ್. ಕುಡಿಸಿದಿರೋ, 500 ಆಗಿಹೋಯಿತು! ಹೀಗೆ ಹೆಚ್ಚಾದರೆ ಪೆಟ್ಟು ಬೀಳುವುದು ಯಕೃತ್ತಿಗೆ. ಒಂದೇ ಬಾಟ್ಲಿ ಇಟ್ಟುಕೊಳ್ಳಿ. ಅಡುಗೆಮನೆ ಚಮಚ ಬೇಡವೇ ಬೇಡ, ಗೆರೆ ಇರುವ ಮುಚ್ಚಳ ಇಲ್ಲವೆ ಸಿರಿಂಜ್ ಬಳಸಿ. ಮತ್ತೊಮ್ಮೆ ಹಾಕಲು ಕನಿಷ್ಠ ನಾಲ್ಕು ತಾಸು ಬಿಡಬೇಕು, ದಿನಕ್ಕೆ ನಾಲ್ಕು ಸಲಕ್ಕಿಂತ ಹೆಚ್ಚಿಲ್ಲ. ಕೆಲವು ನೆಗಡಿ ಸಿರಪ್‌ಗಳಲ್ಲೂ ಇದೇ ಔಷಧ ಇರುತ್ತದೆ, ಎರಡನ್ನೂ ಕೂಡಿಸಬೇಡಿ.

ಇನ್ನು ಸಂಕೋಚದ ಮಾತು. ತಿಳಿಯುವಂತೆ ಹೇಳುವುದು ನಮ್ಮ ಕೆಲಸ, ತಂಗಿ. ಎದ್ದು ಬರುವ ಮುನ್ನ, ‘ಇಷ್ಟು ಎಂ.ಎಲ್., ಇಷ್ಟು ತಾಸಿಗೊಮ್ಮೆ, ಹೌದಲ್ರಿ?’ ಎಂದು ನೀವೇ ತಿರುಗಿ ಹೇಳಿ. ತಪ್ಪಿದ್ದರೆ ಅಲ್ಲೇ ಗೊತ್ತಾಗುತ್ತದೆ. ಬಾಟ್ಲಿಯ ಮೇಲೆ ಪೆನ್ನಿನಿಂದ ಬರೆಸಿಕೊಳ್ಳಿ.

ಮಗು ನೀರೂ ಕುಡಿಯದೆ ಮಂಕಾಗಿ ಮಲಗಿದರೆ, ಉಸಿರು ಜೋರಾದರೆ, ಫಿಟ್ಸ್ ಬಂದರೆ ಅಳತೆ ನೋಡುತ್ತ ಕೂರದೆ ತಕ್ಷಣ ದವಾಖಾನೆಗೆ ಕರೆದೊಯ್ಯಿರಿ.