ಹದಿನೈದು ನಿಮಿಷ ಪಕ್ಕದಲ್ಲಿ ನಿಂತರೆ

ಪ್ರಶ್ನೆ: ನಾನು ಜನರಲ್ ಮೆಡಿಸಿನ್‌ನಲ್ಲಿ ಎರಡನೇ ವರ್ಷದ ಪಿಜಿ. ನಮ್ಮ ವಿಭಾಗದಲ್ಲಿ ತಿಂಗಳಿಗೆ ಎರಡು ಸಲ, ಕಲಿಯುವ ನಡುವೆಯೇ ನಮ್ಮ ಕೆಲಸ ನೋಡಿ ತಿದ್ದುವ ‘ಫಾರ್ಮೇಟಿವ್ ಅಸೆಸ್‌ಮೆಂಟ್’ ಶುರುವಾಗಿದೆ. ರಾತ್ರಿ ಡ್ಯೂಟಿ ಮುಗಿಸಿದವರಿಗೆ ಇದೊಂದು ತಲೆನೋವು. ಇದರ ಅಂಕ ಕೊನೆಯ ಪರೀಕ್ಷೆಗೆ ಸೇರುವುದೂ ಇಲ್ಲ. ಮತ್ತೆ ಯಾಕಿದು?

ಉತ್ತರ: ಅಂಕ ಸೇರದಿರುವುದೇ ಒಳ್ಳೆಯದು ಡಾಕ್ಟ್ರೇ. ಅಂಕ ಇದ್ದ ಕಡೆ ನಾವೆಲ್ಲ ಗೊತ್ತಿಲ್ಲದ್ದನ್ನು ಮುಚ್ಚಿಡುತ್ತೇವೆ. 1988ರಲ್ಲಿ ಶಿಕ್ಷಣ ಮನೋವಿಜ್ಞಾನಿ ರೂತ್ ಬಟ್ಲರ್ ಶಾಲಾ ಮಕ್ಕಳ ಮೇಲೆ ಒಂದು ಅಧ್ಯಯನ ಮಾಡಿದರು. ಬರೀ ಟಿಪ್ಪಣಿ ಪಡೆದ ಮಕ್ಕಳು ಸುಧಾರಿಸಿದರು. ಟಿಪ್ಪಣಿಯ ಜೊತೆ ಅಂಕವನ್ನೂ ಪಡೆದವರಲ್ಲಿ ಆ ಲಾಭ ಕಾಣಲಿಲ್ಲ. ಅಂಕ ಕಂಡ ಕೂಡಲೇ ಕಣ್ಣು ಅಲ್ಲೇ ನಿಂತುಬಿಡುತ್ತದೆ, ಅಲ್ವಾ?

ಒಮ್ಮೆ ಒಬ್ಬ ರೆಸಿಡೆಂಟ್ ಲಂಬಾರ್ ಪಂಕ್ಚರ್ (ಸೊಂಟದ ಬಳಿ ಬೆನ್ನಿಗೆ ಸೂಜಿ ಹಾಕಿ ಬೆನ್ನುಹುರಿಯ ಸುತ್ತಲಿನ ನೀರು ತೆಗೆಯುವುದು) ಮಾಡುವಾಗ ಪಕ್ಕದಲ್ಲಿ ನಿಂತಿದ್ದೆ. ಥಿಯರಿ ಕೇಳಿದರೆ ಪುಟಗಟ್ಟಲೆ ಹೇಳುವ ಹುಡುಗ. ಆದರೆ ಮಗ್ಗುಲಾಗಿ ಮಲಗಿದ್ದ ರೋಗಿಯ ಮೇಲಿನ ಭುಜ ಮುಂದಕ್ಕೆ ವಾಲಿತ್ತು, ಬೆನ್ನು ತಿರುಚಿಕೊಂಡಿತ್ತು. ಅದನ್ನು ಗಮನಿಸದೆ ಸೂಜಿ ಹಾಕಿದ. ಎರಡು ಸಲವೂ ಮೂಳೆಗೆ ತಾಗಿತು. ಭುಜ ನೇರ ಮಾಡಿಸಿದೆ, ನೀರು ಬಂತು. ಕೈ ತೊಳೆಯುವಾಗ ಒಂದೇ ಮಾತು ಹೇಳಿದೆ: “ಸೂಜಿ ಮುಟ್ಟುವ ಮುಂಚೆ ಎರಡು ಭುಜ, ಎರಡು ಸೊಂಟ ನೋಡಿಕೋ.” ಮುಂದಿನ ವಾರ ಅವನೇ ಒಂದು ಹೆಜ್ಜೆ ಹಿಂದೆ ಸರಿದು ರೋಗಿಯ ಬೆನ್ನು ನೋಡಿಕೊಂಡ. ಥಿಯರಿ ಪೇಪರಿನಲ್ಲಿ ಈ ತಪ್ಪು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

1995ರಲ್ಲಿ ಜಾನ್ ನಾರ್ಸಿನಿ ಮತ್ತು ಸಂಗಡಿಗರು ಪರಿಚಯಿಸಿದ ಮಿನಿ-ಸಿಇಎಕ್ಸ್ ಎಂಬ ಚಿಕ್ಕ ಕ್ಲಿನಿಕಲ್ ಪರೀಕ್ಷೆ ಕೂಡ ಇಂಥದ್ದೇ. ರೋಗಿಯ ಜೊತೆ ನಿಮ್ಮನ್ನು 15-20 ನಿಮಿಷ ನೋಡುವುದು, ಆಮೇಲೆ 5-10 ನಿಮಿಷ ಮಾತು.

ತಪ್ಪು ನಮ್ಮ ಕಡೆಯೂ ಇದೆ ಬಿಡಿ. ತಿಂಗಳ ಕೊನೆಗೆ ಈ ಮೌಲ್ಯಮಾಪನದ ಫಾರ್ಮ್‌ಗಳ ಕಟ್ಟು ಮುಂದಿಟ್ಟುಕೊಂಡು, ಎಲ್ಲರಿಗೂ 9ಕ್ಕೆ 6 ಅಂತ ನಾನೂ ಸುಮ್ನೆ ಟಿಕ್ ಹಾಕಿದ್ದುಂಟು. ನಿಮ್ಮಲ್ಲೂ ಹಾಗೇ ನಡೆಯುತ್ತಿದ್ದರೆ ಅದು ತಲೆನೋವೇ.

ಫಾರ್ಮ್‌ಗೆ ಕಾಯಬೇಡಿ. ಡ್ಯೂಟಿ ಶುರುವಿನಲ್ಲೇ ಕೇಳಿ: “ಸರ್, ಇವತ್ತು ನಾನು ರೋಗಿಯ ಮನೆಯವರ ಹತ್ತಿರ ಮಾತಾಡುವಾಗ ಸ್ವಲ್ಪ ನೋಡ್ತೀರಾ?” ಮುಗಿದ ಮೇಲೆ ‘ಹೇಗಿತ್ತು’ ಅಂದರೆ ‘ಚೆನ್ನಾಗಿತ್ತು’ ಅಂತಾರೆ, ಅಷ್ಟೇ. ‘ಯಾವುದನ್ನು ಬೇರೆ ಥರ ಮಾಡಬೇಕಿತ್ತು’ ಅಂತ ಕೇಳಿ. ಇನ್ನು ರಾತ್ರಿ ಡ್ಯೂಟಿಯ ವಿಷಯ. ಆ ನಿದ್ದೆಗಣ್ಣಿನಲ್ಲಿ ಹೇಳಿದ್ದು ತಲೆಗೆ ಹೋಗುವುದಿಲ್ಲ. ನಾಲ್ಕು ಜನ ಸೇರಿ ಹೋಗಿ, ದಿನ ಬದಲಿಸಲು ವಿಭಾಗದ ಮುಖ್ಯಸ್ಥರನ್ನು ಕೇಳಿ.